ತೊಗಟೆಯಂಚಿನ ಬಟ್ಟಲು

ಅಕ್ಕನ ಮಾವಿನ ಮರವನ್ನು ಕಡಿಸಿದವನು ಅವಳ ಭಾವ, ಗಂಡನ ಅಣ್ಣ. ಕಾಯಿ ಹಿಡಿದ ಮರ. ಇನ್ನೆರಡು ತಿಂಗಳು ತಡೆದಿದ್ದರೆ ಅವನ ಮಕ್ಕಳೇ ಹಣ್ಣು ತಿನ್ನುತ್ತಿದ್ದರು. ಅಷ್ಟೂ ತಡೆಯಲಿಲ್ಲ. ಇದನ್ನು ಬರೆಯುವಾಗಲೂ ನಾನು ಹಲ್ಲು ಕಡಿಯುತ್ತಿದ್ದೇನೆ. ಆ ಮನುಷ್ಯ ಸತ್ತು ಎಷ್ಟೋ ಕಾಲವಾಯಿತು. ಸತ್ತವರ ಮೇಲೆ ಸಿಟ್ಟಿಟ್ಟುಕೊಳ್ಳಬಾರದು ಅನ್ನುತ್ತಾರೆ. ಅನ್ನುವವರು ಅನ್ನಲಿ, ಅವರ ಮರವನ್ನೇನೂ ಯಾರೂ ಕಡಿದಿಲ್ಲ.

ಆಗ ನಿಜಾಮರ ಆಳ್ವಿಕೆ. ನಾನು ನಾರಾಯಣಪೇಟೆಯಲ್ಲಿ ಕಡಸಲು ಕೆಲಸ ಮಾಡಿ ಬದುಕುತ್ತಿದ್ದೆ. ನೇಕಾರರು ನೂಲು ಸುತ್ತುವ ಉರುಳೆ, ತೊಟ್ಟಿಲ ಕಾಲು, ಲಟ್ಟಣಿಗೆ, ಬುಗುರಿ, ಹೀಗೆ ಕಟ್ಟಿಗೆಯನ್ನು ತಿರುಗಿಸಿ ಉಳಿ ಹಿಡಿದು ಕಡೆಯುವ ಕಸುಬು. ಅಕ್ಕನನ್ನು ಮಕ್ತಲದ ಒಂದು ಒಕ್ಕಲು ಮನೆಗೆ ಕೊಟ್ಟಿತ್ತು. ಮೂವರು ಅಣ್ಣತಮ್ಮಂದಿರ ಒಟ್ಟು ಮನೆ. ನಡುವಿನವನು ನಮ್ಮ ಅಕ್ಕನ ಗಂಡ, ಅವನೇ ಮೊದಲು ತೀರಿಕೊಂಡ. ಮಕ್ಕಳಿರಲಿಲ್ಲ. ಮನೆ ಪಾಲಾಗುವ ಮಾತು ಬಂದಾಗ ಭಾವ ಎಲ್ಲರೆದುರಿಗೆ ಹೇಳಿದನಂತೆ: “ಆಕಿಗ್ಯಾಕ ಪಾಲು? ಎರಡು ಹೊತ್ತು ರೊಟ್ಟಿ ಹಾಕ್ತೀವಿ, ವರ್ಷಕ್ಕ ಸೀರಿ ಕೊಡ್ತೀವಿ.” ಮೈದುನ ತಲೆಯಾಡಿಸಿದನಂತೆ. ಅವನಿಗೆ ತಲೆ ಇದ್ದದ್ದೇ ಆಡಿಸಲಿಕ್ಕೆ.

ಆ ಮನೆತನಗಳಲ್ಲಿ ಒಂದು ಪದ್ಧತಿ ಇತ್ತು. ಪಾಲಾಗುವ ದಿನ ಹಳೆಯ ಒಲೆಯ ಕೆಂಡವನ್ನು ಪ್ರತಿಯೊಬ್ಬ ಪಾಲುದಾರನೂ ತನ್ನ ಪಾತ್ರೆಯಲ್ಲಿ ಒಯ್ದು ಹೊಸ ಒಲೆ ಹೊತ್ತಿಸಬೇಕು. ಒಲೆ ಹೊತ್ತಿಸಿದವರಿಗೆ ಪಾಲು, ಇಲ್ಲದವರಿಗೆ ಇಲ್ಲ. ಪಾತ್ರೆ ಆ ಮನೆಯ ಸೊತ್ತೇ ಆಗಿರಬೇಕು. ಹೊರಗಿನಿಂದ ತಂದರೆ ಒಲೆಯೂ ಹೊರಗಿನದು. ಮಣ್ಣಿನ ಕುಡಿಕೆ ನಡೆಯದು, ಒಡೆಯುವ ಪಾತ್ರೆಯಲ್ಲಿ ಒಯ್ದ ಒಲೆ ಒಡೆಯುತ್ತದೆಂಬ ಹೆದರಿಕೆ. ಭಾವನಿಗೆ ಇದೆಲ್ಲ ಬಾಯಿಪಾಠ. ಅದಕ್ಕೇ ಹಿತ್ತಾಳೆ, ತಾಮ್ರ, ಕಬ್ಬಿಣವನ್ನೆಲ್ಲ ಮೊದಲೇ ಎರಡು ಗುಂಪು ಮಾಡಿಟ್ಟ. ಅಕ್ಕನಿಗೆ ಒಂದು ಸೌಟನ್ನೂ ಬಿಡಲಿಲ್ಲ. ಉರಿಯುವ ಮನೆಯಲ್ಲಿ ಗಳ ಹಿರಿಯುವವನು ಅಂದರೆ ಇವನೇ.

ಆಮೇಲೆ ಮರ. ಅಂಗಳದ ನಡುವೆ ಗೋಡೆ ಬರುತ್ತದೆ, ಮರ ಅಡ್ಡ ಅಂದ. ಆ ಮರ ಅಕ್ಕ ಮದುವೆಯಾಗಿ ಹೋಗುವಾಗ ನಮ್ಮ ಹಿತ್ತಲಿನಿಂದ ಒಯ್ದ ಸಸಿ. ಯುಗಾದಿ ಬಂದಾಗಲೆಲ್ಲ ಅದರ ಬೊಡ್ಡೆಗೆ ಸುಣ್ಣದ ಪಟ್ಟಿ, ಕೆಮ್ಮಣ್ಣಿನ ಪಟ್ಟಿ ಎಳೆಯುತ್ತಿದ್ದಳು.

ಸುದ್ದಿ ತಿಳಿದು ನಾನು ಮಕ್ತಲಕ್ಕೆ ಹೋಗುವಷ್ಟರಲ್ಲಿ ಮರ ಇಟ್ಟಿಗೆ ಭಟ್ಟಿಗೆ ಹೋಗುವ ಬಂಡಿಯಲ್ಲಿತ್ತು. ಎಳೆ ಕಾಯಿಗಳು ಅಂಗಳದ ತುಂಬ ಬಿದ್ದಿದ್ದವು. ಅಕ್ಕ ಅವನ್ನು ಆರಿಸುತ್ತ ಕೂತಿದ್ದಳು. ಅಳುತ್ತಿರಲಿಲ್ಲ, ಅದು ನನಗೆ ಇನ್ನಷ್ಟು ಸಿಟ್ಟು ತರಿಸಿತು.

“ನಡಿ, ಕಚೇರಿಗೆ ಹೋಗೋಣ. ದಾವಾ ಹಾಕೋಣ” ಅಂದೆ.

“ಅಲ್ಲಿ ಕಾಗದ ಎಲ್ಲಾ ಉರ್ದು. ನನ್ನ ಹೆಸರು ಬರದಾರೋ ಇಲ್ಲೋ ಅಂತ ನೋಡಾಕ ನನಗ ಓದಾಕ ಬರಂಗಿಲ್ಲ. ಕಟ್ಟಿ ಮ್ಯಾಲ ಕುಂತ ಹಿರ್ಯಾರು ನನ್ನ ಮಾರಿ ನೋಡಿ ಇಲ್ಲ ಅನ್ನಲಿ” ಅಂದಳು. ಆಮೇಲೆ ಬಂಡಿಯ ಕಡೆ ನೋಡಿ ದನಿ ಇಳಿಸಿದಳು: “ತಮ್ಮಾ, ಆ ಗಿಡ ಈ ಮನಿದ ಅಲ್ಲೇನು? ಅದರಾಗ ಒಂದು ಬಟ್ಟಲ ಮಾಡಾಕ ಬರ್ತೈತೇನು?”

ಬಂಡಿಯವನಿಗೆ ಕೈಮುಗಿದು ಬೊಡ್ಡೆಯ ಒಂದು ತುಂಡು ಇಳಿಸಿಕೊಂಡೆ. ಸುಣ್ಣದ ಪಟ್ಟಿ ಇದ್ದ ತುಂಡನ್ನೇ ಹುಡುಕಿ ಇಳಿಸಿದೆ.

ನಾರಾಯಣಪೇಟೆಗೆ ತಂದು ತುಂಡನ್ನು ನಡುವೆ ಸೀಳಿದೆ. ಬಟ್ಟಲಿಗೆ ತೊಗಟೆ ತೆಗೆಯುವುದು ಪದ್ಧತಿ, ನಾನು ತೆಗೆಯಲಿಲ್ಲ. ತೆಗೆದರೆ ಅದು ಬರೀ ಮಾವಿನ ಕಟ್ಟಿಗೆ, ಯಾವ ಊರಿನದೂ ಆದೀತು. ಭಾವ ಹಾಗೆ ಅಂದೇ ಅನ್ನುತ್ತಾನೆಂದು ನನಗೆ ಗೊತ್ತಿತ್ತು. ಅದಕ್ಕೆ ತೊಗಟೆಯ ಮಗ್ಗುಲನ್ನೇ ಬಾಯಿ ಮಾಡಿ, ಅಂಚಿನಲ್ಲಿ ಪಟ್ಟಿ ಉಳಿಯುವಂತೆ ಕಡೆಯತೊಡಗಿದೆ. ಕಡಸಲಿನ ಹಗ್ಗ ಎಳೆಯುವವಳು ನನ್ನ ಹೆಂಡತಿ. ಅವಳು ಒಂದು ಸಲ ಅತ್ತ, ಒಂದು ಸಲ ಇತ್ತ ಎಳೆದರೆ ಕಟ್ಟಿಗೆ ತಿರುಗುತ್ತದೆ, ನಾನು ನೆಲದ ಮೇಲೆ ಕೂತು ಕಾಲ್ಬೆರಳಿನಿಂದ ಉಳಿಗೆ ಆಸರೆ ಕೊಡುತ್ತೇನೆ. ಅಂಥ ಬಾಯಿ ದುಂಡಗಿರುವುದಿಲ್ಲ. ಎರಡು ಕಡೆ ಏರುತ್ತದೆ, ಎರಡು ಕಡೆ ಇಳಿಯುತ್ತದೆ. ಉಳಿಗೆ ಒಮ್ಮೆ ಕಟ್ಟಿಗೆ ತಾಗುತ್ತದೆ, ಒಮ್ಮೆ ಬರೀ ಗಾಳಿ. ಪ್ರತಿ ಏಟೂ ಮೊಣಕೈವರೆಗೆ ಬಡಿಯುತ್ತಿತ್ತು, ಪ್ರತಿ ಏಟಿಗೂ ನಾನು ಭಾವನ ವಂಶವನ್ನು ಬೈಯುತ್ತಿದ್ದೆ.

“ನಿಮ್ಮ ಸಿಟ್ಟು ಉಳಿಗೆ ಹಚ್ಚಬ್ಯಾಡ್ರಿ” ಅಂದಳು ಹೆಂಡತಿ. “ಕಟ್ಟಿಗಿ ಏನ್ ಮಾಡೈತಿ ನಿಮಗ?”

ಚಿಗುರಿನ ಕಾಲದಲ್ಲಿ ಕಡಿದ ಮರದ ತೊಗಟೆ ನಿಲ್ಲುವುದಿಲ್ಲ, ಒಳಗೆ ರಸ ಓಡುತ್ತಿರುತ್ತದೆ. ಒಂದು ಕಡೆ ಸಡಿಲವಾಗಿ ಏಳುತ್ತಲೇ ಬಂತು. ಆ ಮೂರ್ಖ ಕಡಿಯುವುದನ್ನಾದರೂ ಹೊತ್ತು ನೋಡಿ ಕಡಿದನೇ? ಅರಗನ್ನು ಕಾಯಿಸಿ ಸಂದಿಯಲ್ಲಿ ಇಳಿಸಿ ತೊಗಟೆಯನ್ನು ಕೂರಿಸಿದೆ. ತಳವನ್ನು ದಪ್ಪ ಬಿಟ್ಟೆ. ಬಟ್ಟಲು ಚೆಂದವಾಗಿತ್ತು, ಸುಳ್ಳು ಯಾಕೆ ಹೇಳಲಿ. ಬಿಳಿ ಪಟ್ಟಿ, ಕೆಂಪು ಪಟ್ಟಿ ಅಂಚಿನ ಮೇಲೆ ಹಾಗೇ ಉಳಿದಿದ್ದವು.

ಪಾಲಿನ ದಿನ ಕಟ್ಟೆಯ ಮೇಲೆ ಹಿರಿಯರು ಕೂತರು. ಅವರಲ್ಲಿ ದೊಡ್ಡವನು ಗದ್ವಾಲದಿಂದ ಬಂದಿದ್ದ, ಎರಡೂ ಕಡೆಗೆ ನಂಟನಾದ ಮುದುಕ. ಭಾವ ಹಿತ್ತಾಳೆ ಕೊಳಗದಲ್ಲಿ ಕೆಂಡ ಒಯ್ದ, ಮೈದುನ ತಾಮ್ರದ ಚರಿಗೆಯಲ್ಲಿ. ಆಮೇಲೆ ಅಕ್ಕ ಸೆರಗಿನಡಿಯಿಂದ ಬಟ್ಟಲು ತೆಗೆದಳು.

“ನಾರಾಯಣಪೇಟಿ ಕಟ್ಟಿಗಿ ತಂದು ಈ ಮನಿದು ಅಂತ ತೋರಸ್ತೀಯೇನು?” ಅಂದ ಭಾವ. ನಾನು ಅಂದುಕೊಂಡ ಮಾತೇ, ಒಂದಕ್ಷರ ಆಚೀಚೆ ಇಲ್ಲ.

ಮುದುಕ ಬಟ್ಟಲನ್ನು ಇಸಿದುಕೊಂಡು ಅಂಚನ್ನು ಬೆರಳಿನಿಂದ ಸವರಿದ. “ಈ ಪಟ್ಟಿ ಇದೇ ಅಂಗಳದ್ದು. ಹಬ್ಬಕ್ಕ ಬಂದಾಗೆಲ್ಲಾ ನೋಡೀನಿ” ಅಂದ.

“ಆಗಲಿ ಬಿಡ್ರಿ. ಕಟ್ಟಿಗ್ಯಾಗ ಕೆಂಡ ಒಯ್ತಾಳಂತ!” ಭಾವ ನಕ್ಕ. ಒಂದಿಬ್ಬರು ಜೊತೆಗೆ ನಕ್ಕರು.

ಅಕ್ಕ ಬಟ್ಟಲು ತೆಗೆದುಕೊಂಡು ಅಂಗಳಕ್ಕೆ ಇಳಿದು, ಮರವಿದ್ದ ಕುಣಿಯಿಂದ ಮಣ್ಣು ಬಗೆದು ಬಟ್ಟಲಿನ ಒಳಗೆಲ್ಲ ಮೆತ್ತಿದಳು. ಒಲೆಯ ಮುಂದೆ ಕೂತು ಚಿಮಟದಿಂದ ಕೆಂಡ ಎತ್ತಿ ಆ ಮಣ್ಣಿನ ಮೇಲಿಟ್ಟಳು. ಎದ್ದು ನಿಂತಳು.

ಆಗ ಕಟ್ಟೆಯ ಮೇಲೆ ಹೊಸ ಚರ್ಚೆ. ಕೆಂಡ ಪಾತ್ರೆಯಲ್ಲಿದೆಯೋ, ಮಣ್ಣಿನ ಮೇಲಿದೆಯೋ? ಮಣ್ಣಿನ ಮೇಲಿದ್ದರೆ ಮಣ್ಣಿನ ಕುಡಿಕೆಯ ಲೆಕ್ಕವಾಗುವುದಿಲ್ಲವೇ? ಒಬ್ಬ ತನ್ನ ಅಜ್ಜನ ಕಾಲದ ಒಂದು ಪಾಲಿನ ಕತೆ ತೆಗೆದ. ಇನ್ನೊಬ್ಬ ಅದು ಹಾಗಲ್ಲ, ಹೀಗೆ ಅಂದ. ಭಾವ ಎಲ್ಲರಿಗೂ ಎಲೆ ಅಡಿಕೆ ಕೊಟ್ಟ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಅವರು ಎಲೆಗೆ ಸುಣ್ಣ ಹಚ್ಚುತ್ತ ಕೂತರು, ಅಕ್ಕ ಬೆಂಕಿ ಹಿಡಿದು ನಿಂತೇ ಇದ್ದಳು.

ಅಂಚು ತಗ್ಗಿದ್ದ ಕಡೆ ತೊಗಟೆ ಹೊಗೆಯಾಡಲು ಶುರುವಾಯಿತು. ನಾನು ಹಾಕಿದ್ದ ಅರಗು ಕರಗಿ ಅವಳ ಬೆರಳುಗಳ ಮೇಲೆ ಇಳಿಯುವುದು ನನಗೆ ಕಂಡಿತು. ಸುಟ್ಟ ಅರಗಿನ ವಾಸನೆ ನನಗೆ ಗೊತ್ತಿಲ್ಲದ್ದೇ? ಬಿಸಿ ಅರಗು ಚರ್ಮಕ್ಕೆ ಹತ್ತಿದರೆ ಬಿಡುವುದಿಲ್ಲ. ನಾನು ಎದ್ದು ಓಡಿದೆ.

“ಕುಂದ್ರು!” ಅಂದಳು. “ನೀ ಮುಟ್ಟಿದಿ ಅಂದ್ರ ಇದು ತವರಿನ ಒಲಿ ಆಕ್ಕೈತಿ.”

ನಾನು ನಿಂತಲ್ಲೇ ನಿಂತೆ. ಆ ಹೊತ್ತು ನನ್ನ ಕೈಯಲ್ಲಿ ಉಳಿ ಇರಲಿಲ್ಲ, ಅದು ಕಟ್ಟೆಯ ಮೇಲಿದ್ದವರ ಪುಣ್ಯ. ಅಕ್ಕ ಅವರ ಕಡೆ ತಿರುಗಿ, “ನೀವು ಮಾತಾಡ್ರಿ. ನಾ ಇಳಸಂಗಿಲ್ಲ” ಅಂದಳು.

ಗದ್ವಾಲದ ಮುದುಕ ಅವಳ ಬೆರಳು ನೋಡಿದ. ಬಾಯಲ್ಲಿದ್ದ ಎಲೆ ಉಗುಳಿ, “ಸರೇ, ಒಯ್ಯವ್ವಾ. ಒಲಿ ನಿಂದು” ಅಂದ. ಅಕ್ಕ ಓಡಲಿಲ್ಲ. ನಡೆದುಕೊಂಡೇ ಹೋಗಿ, ಹಿಂದಿನ ಖೋಲಿಯಲ್ಲಿ ಮೂರು ಕಲ್ಲಿನ ನಡುವೆ ಕೆಂಡ ಸುರಿದು, ಊದಿ, ಉರಿ ಎಬ್ಬಿಸಿದ ಮೇಲೆ ಬಟ್ಟಲು ಕೆಳಗಿಟ್ಟಳು. ಖೋಲಿಯೂ ಅದರ ಮುಂದಿನ ಅಂಗಳವೂ ಅವಳ ಪಾಲಾಯಿತು.

ಮಕ್ತಲದಲ್ಲಿ ಮಂದಿ ಆ ಮುದುಕನ ನ್ಯಾಯವನ್ನು ಬಹಳ ದಿನ ಹೊಗಳಿದರು. ವಿಧವೆಗೆ ಪಾಲು ಕೊಟ್ಟ ಧರ್ಮರಾಯನಂತೆ! ಎಂಥ ಧರ್ಮರಾಯ? ಆ ಮಾತನ್ನು ಎಲೆ ಮಡಿಚುವ ಮೊದಲೇ ಆಡಬಹುದಿತ್ತು. ಯಾರಾದರೂ ನನ್ನೆದುರು ಹೊಗಳಿದರೆ ನಾನು ಎದ್ದು ಹೋಗುತ್ತಿದ್ದೆ.

ಅಕ್ಕನ ಬೆರಳುಗಳಲ್ಲಿ ಬೊಬ್ಬೆ ಎದ್ದು ಹಿಟ್ಟು ಮುಟ್ಟುವ ಹಾಗಿರಲಿಲ್ಲ. ನಾನು ಅಲ್ಲೇ ಉಳಿದು ರೊಟ್ಟಿ ಬಡಿದೆ. ಅಕ್ಕ ಪಕ್ಕದಲ್ಲಿ ಕೂತು ಒಂದೊಂದಕ್ಕೂ ಬೈಯುತ್ತಿದ್ದಳು: ಇದು ದಪ್ಪ, ಇದು ಹಸಿ, ಇದನ್ನ ಎಮ್ಮಿಗೆ ಹಾಕು. ಹೀಗಿರುವಾಗ ಒಂದು ಮುಂಜಾನೆ ಭಾವ ಬಂದು ಬಾಗಿಲಲ್ಲಿ ನಿಂತ. ನನ್ನ ಕೈಗೆ ಮೆತ್ತಿದ ಹಿಟ್ಟು ನೋಡಿ, “ಗಂಡಸು ರೊಟ್ಟಿ ಬಡಿಯೋ ಮನಿ ನೋಡ್ರಪಾ!” ಎಂದು ನಗುತ್ತ ಹೊಸ್ತಿಲೊಳಗೆ ಕಾಲಿಟ್ಟ.

ನನ್ನ ಬಾಯಿಗೆ ಬಂದದ್ದನ್ನು ಬರೆಯುವಂತಿಲ್ಲ. ಅಷ್ಟರಲ್ಲಿ ಅಕ್ಕ ಸೆರಗು ತಲೆಯ ಮೇಲೆ ಎಳೆದುಕೊಂಡು, ಹಿರಿಯರಿಗೆ ಕೊಡುವ ಮರ್ಯಾದೆಯನ್ನು ಒಂದಿಷ್ಟೂ ಕಡಿಮೆ ಮಾಡದೆ ಕೇಳಿದಳು:

“ಬಾವಾರ, ಇದು ನನ್ನ ಒಲಿ. ನಿಮ್ಮನ್ನ ಒಳಗ ಯಾರು ಕರದ್ರು?”

ಅವನು ಕಾಲು ಹಿಂದಕ್ಕೆ ತೆಗೆದ. ಅವನ ಮುಖ ನೋಡುತ್ತ ಕೂತ ನಾನು ಹಂಚಿನ ಮೇಲಿನ ರೊಟ್ಟಿ ಮರೆತಿದ್ದೆ. ಅಕ್ಕ ಅದಕ್ಕೂ ಬೈದಳು.