ಮಿಕ್ಸಿ ಸುಮ್ಮನಾದಾಗ ಸಣ್ಣಕ್ಕನ ಉಳಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮುತ್ತಿನಕೊಪ್ಪದ ಬಸ್ ನಿಲ್ಲುವ ಜಾಗದ ಹಿಂದಿನ ಓಣಿಯಲ್ಲಿ ಕಬ್ಬಿಣ ಕಲ್ಲಿಗೆ ತಾಗುವ ಸದ್ದು ಆಗಲೇ ಶುರುವಾಗಿದೆ. ಜಲಜಮ್ಮನವರ ಹಿತ್ತಿಲಲ್ಲಿ, ಬಚ್ಚಲ ಗೋಡೆಗೆ ತಾಗಿ ಬಿದ್ದಿದ್ದ ರುಬ್ಬುವ ಕಲ್ಲಿನ ಎದುರು ಸಣ್ಣಕ್ಕ ಒಂದು ಕಾಲು ಮಡಚಿ, ಇನ್ನೊಂದು ಚಾಚಿ ಕುಳಿತಿದ್ದಾರೆ. ಮೂಗು ಬಾಯಿಗೆ ಸೆರಗು ಸುತ್ತಿದೆ. ಎಡಗೈಯಲ್ಲಿ ಮೊಂಡಾದ ಉಳಿ, ಬಲಗೈಯಲ್ಲಿ ಸುತ್ತಿಗೆ. ನಾಲ್ಕು ಏಟು ಹಾಕುತ್ತಾರೆ, ಪುಡಿ ಗುಡಿಸುತ್ತಾರೆ, ಬೆರಳಾಡಿಸಿ ನೋಡುತ್ತಾರೆ, ಮತ್ತೆ ಏಟು.

“ಕೋಳಿಗೆ ನೀರು ಹಾಕ್ತಿದ್ರು ಇದ್ರಲ್ಲಿ,” ಎಂದು ಅವರು ಕಲ್ಲಿನ ಗುಳಿ ತೋರಿಸಿ ನಗುತ್ತಾರೆ. “ಈಗ ಕಲ್ಲಿನ ನೆನಪಾಗಿದೆ ಎಲ್ರಿಗೂ.”

ನೆನಪು ಮಾಡಿಸಿದ್ದು ಮೇ ತಿಂಗಳ ಗಾಳಿ. ನರಸಿಂಹರಾಜಪುರದ ರಸ್ತೆಯುದ್ದಕ್ಕೂ ಮರಗಳು ತಂತಿಯ ಮೇಲೆ ಮಲಗಿವೆ, ಕಂಬಗಳು ಮುರಿದಿವೆ. ಕರೆಂಟು ಹೋಗಿ ವಾರ ದಾಟಿತು. ಮೊಬೈಲ್ ಇದ್ದವರು ಅದನ್ನು ಚಾರ್ಜ್ ಮಾಡಲು ಬಸ್ಸು ಹತ್ತಿ ಕೊಪ್ಪಕ್ಕೆ ಹೋಗುತ್ತಾರೆ. ಸೀಮೆಎಣ್ಣೆ ಬುಡ್ಡಿಗಳು ಅಟ್ಟದಿಂದ ಇಳಿದಿವೆ, ನೀರು ಬಾವಿಯಿಂದ ಬರುತ್ತಿದೆ. ಆದರೆ ಚಟ್ನಿ, ಸಾರಿನ ಖಾರ, ದೋಸೆ ಹಿಟ್ಟು? ಮಿಕ್ಸಿ ಬಂದ ಮೇಲೆ ಮೂಲೆ ಸೇರಿದ್ದ ಕಲ್ಲುಗಳೆಲ್ಲ ಹಿಂದಿನ ಬಳಕೆಯಲ್ಲೇ ಸವೆದು ಕನ್ನಡಿಯಂತಾಗಿವೆ. ಗುಂಡು ತಿರುಗಿಸಿದರೆ ಅಕ್ಕಿ ಜಾರುತ್ತದೆಯೇ ಹೊರತು ನುಣ್ಣಗಾಗುವುದಿಲ್ಲ. ಕಲ್ಲಿಗೆ ಮತ್ತೆ ಹಲ್ಲು ಬರಬೇಕೆಂದರೆ ಯಾರಾದರೂ ಉಳಿಯಿಂದ ಕುಟ್ಟಿ ಒರಟು ಮಾಡಬೇಕು. ಈ ಸುತ್ತಮುತ್ತ ಆ ಕೆಲಸ ಬಲ್ಲವರು ಈಗ ಸಣ್ಣಕ್ಕ ಒಬ್ಬರೇ.

ಕಲಿಸಿದ್ದು ಮಾವ ದೇವಪ್ಪ. ಸಣ್ಣಕ್ಕ ಮದುವೆಯಾಗಿ ಬಂದಾಗ ಗಂಡನ ಮನೆಯವರು ಹೆಗಲಿಗೆ ಚೀಲ ಹಾಕಿಕೊಂಡು ಶೃಂಗೇರಿ, ಕಿಗ್ಗ, ಸಿರಿಮನೆಯವರೆಗೂ ಕಲ್ಲು ಕುಟ್ಟುತ್ತ ಹೋಗುತ್ತಿದ್ದರು. ಗಂಡ ಐತನಿಗೆ ಕ್ವಾರಿಯಲ್ಲಿ ಸೊಂಟಕ್ಕೆ ಪೆಟ್ಟು ಬಿದ್ದ ಮೇಲೆ ಚೀಲ ಸಣ್ಣಕ್ಕನ ಹೆಗಲಿಗೆ ಬಂತು. ಆಮೇಲೆ ಮಿಕ್ಸಿ ಬಂತು, ಗ್ರೈಂಡರ್ ಬಂತು. ಕರೆಯುವ ಮನೆಗಳು ಒಂದೊಂದಾಗಿ ಕಡಿಮೆಯಾದವು. ಈಗ ಅವರು ತೋಟದ ಕೂಲಿಗೆ ಹೋಗುತ್ತಾರೆ. ಉಳಿ ಮಾತ್ರ ತುಕ್ಕು ಹಿಡಿಯಲು ಬಿಟ್ಟಿಲ್ಲ. ಒಮ್ಮೆ ಚೂರು ಸಿಡಿದು ಬಲಗಣ್ಣಿಗೆ ತಾಗಿದೆ. ಆ ಕಣ್ಣಿಗೆ ಸಂಜೆ ಹೊತ್ತು ಮಂಜು. “ಕೈಗೆ ಗೊತ್ತಾಗ್ತದಲ್ಲ, ಸಾಕು” ಎನ್ನುತ್ತಾರೆ.

ಈ ಕತ್ತಲೆಯ ದಿನಗಳಲ್ಲಿ ದಿನಕ್ಕೆ ಮೂರು ನಾಲ್ಕು ಮನೆಯ ಕಲ್ಲು ಕುಟ್ಟುತ್ತಿದ್ದಾರೆ. ಅದರಲ್ಲಿ ಊರವರು ಬಾಯಿತುಂಬ ಹೇಳುವುದು ದೇವಕಿಯವರ ಮನೆಯ ಮಾತು.

ದೇವಕಿಯವರ ಗಂಡ ತಿಮ್ಮಣ್ಣನಿಗೆ ಕಳೆದ ಚಳಿಗಾಲದಲ್ಲಿ ಪಾರ್ಶ್ವವಾಯು ಬಡಿಯಿತು. ಪ್ರಾಣ ಉಳಿಯಿತು, ಆದರೆ ನುಂಗುವುದು ಕಷ್ಟವಾಯಿತು. ನೀರಿನಂತೆ ತೆಳ್ಳಗಿದ್ದರೂ ನೆತ್ತಿಗೇರುತ್ತದೆ, ಒಂದು ಅಗುಳು ಉಳಿದರೂ ಗಂಟಲಲ್ಲಿ ಸಿಕ್ಕುತ್ತದೆ. ಬೆಣ್ಣೆಯಂತೆ ನುಣ್ಣಗೆ ಮಾಡಿ ಚಮಚದಲ್ಲಿ ಕೊಡಿ ಎಂದು ಡಾಕ್ಟರು ಹೇಳಿದ್ದರು. ಅನ್ನ, ಬೇಳೆ, ತರಕಾರಿ ಎಲ್ಲವನ್ನೂ ಬೇಯಿಸಿ ಮಿಕ್ಸಿಗೆ ಹಾಕುವುದು ದೇವಕಿಯವರ ನಿತ್ಯದ ಕೆಲಸವಾಗಿತ್ತು.

ಕರೆಂಟು ಹೋದ ಮೇಲೆ ಅವರು ಅನ್ನವನ್ನು ಬಟ್ಟೆಯಲ್ಲಿ ಹಿಂಡಿ ನೋಡಿದರು. ರಾಗಿ ಗಂಜಿ ಮಾಡಿದರು. ಎರಡು ದಿನಕ್ಕೆ ತಿಮ್ಮಣ್ಣ ಅದನ್ನು ಕಂಡರೆ ಮುಖ ತಿರುಗಿಸತೊಡಗಿದರು. ಅತ್ತೆಯ ಕಾಲದ ಕಲ್ಲು ತೊಳೆದು ಅನ್ನ, ಕುಂಬಳಕಾಯಿ ರುಬ್ಬಿದರು. ಸವೆದ ಕಲ್ಲು ಅಲ್ಲಲ್ಲಿ ಕಾಯಿಯ ಚೂರು ಉಳಿಸಿತ್ತು. ಮೂರನೆಯ ಚಮಚಕ್ಕೆ ತಿಮ್ಮಣ್ಣನಿಗೆ ಕೆಮ್ಮು ಹತ್ತಿತು. ಮುಖ ಕಪ್ಪಿಟ್ಟಿತು, ಕಣ್ಣು ಮೇಲಾಯಿತು. ಬೆನ್ನು ತಟ್ಟಿ ತಟ್ಟಿ ದೇವಕಿ ಹೇಗೋ ಉಸಿರು ಮರಳಿಸಿದರು. ಆಮೇಲೆ ತಿಮ್ಮಣ್ಣ ಬಾಯಿಯನ್ನೇ ತೆರೆಯಲಿಲ್ಲ. ಹಸಿವಿಗಿಂತ ಹೆದರಿಕೆ ದೊಡ್ಡದಾಗಿತ್ತು.

ಮರುದಿನ ಬೆಳಿಗ್ಗೆ ಸಣ್ಣಕ್ಕನಿಗೆ ಹೇಳಿ ಕಳಿಸಿದರು. ಅವರು ಬಂದು ಕಲ್ಲು ಕುಟ್ಟಿ ಮುಗಿಸುವಾಗ ಬಿಸಿಲು ಏರಿತ್ತು. ದೇವಕಿ ಬೆಂದ ಅನ್ನದ ಪಾತ್ರೆ ಹಿಡಿದುಕೊಂಡೇ ನಿಂತಿದ್ದರು.

“ಇವತ್ತು ಇದ್ರಲ್ಲಿ ರುಬ್ಬಬೇಡಿ ಅಮ್ಮ,” ಎಂದರು ಸಣ್ಣಕ್ಕ.

“ಎಂತ ಹೇಳ್ತಿ ಮಾರಾಯ್ತಿ? ನಿನ್ನೆಯಿಂದ ಅವರ ಹೊಟ್ಟೆಗೆ ಎಂತದೂ ಹೋಗ್ಲಿಲ್ಲ!”

“ಹೊಸಾ ಏಟು ಬಿದ್ದ ಕಲ್ಲು ಪುಡಿ ಬಿಡ್ತದೆ. ನಮ್ಮಂಥೋರಿಗಾದ್ರೆ ಹಲ್ಲಿಗೆ ಕಟಕ್ ಅಂದ್ರೆ ಉಗುಳ್ತೇವೆ. ಅವರಿಗೆ ಉಗುಳಕ್ಕೆ ಆಗ್ತದಾ?”

“ತೊಳೆದ್ರೆ ಹೋಗುದಿಲ್ವಾ?”

“ತೊಳೆದ್ರೆ ಮೇಲಿಂದು ಮಾತ್ರ ಹೋಗ್ತದೆ.”

ದೇವಕಿಯವರಿಗೆ ಸಿಟ್ಟು ಬಂತು. ಹಾಗಾದರೆ ಯಾಕೆ ಬಂದೆ, ಮೊದಲೇ ಹೇಳಬಾರದಿತ್ತಾ ಎಂದು ಕೂಗಿದರು. ಕೂಗುತ್ತಲೇ ಅತ್ತರು. ಸಣ್ಣಕ್ಕ ಪಾತ್ರೆಯನ್ನು ಅವರ ಕೈಯಿಂದ ತೆಗೆದುಕೊಂಡು, ಅದರ ಮೇಲೊಂದು ತಟ್ಟೆ ಮುಚ್ಚಿದರು.

“ನಮ್ಮನೆ ಕಲ್ಲು ಪಳಗಿದ್ದು. ಅದ್ರಲ್ಲಿ ರುಬ್ಬಿ ತರ್ತೇನೆ. ನಮ್ಮನೇದು ಆಗ್ತದಲ್ಲ?”

ದೇವಕಿ ಒಳಗೆ ಮಲಗಿದ್ದ ಗಂಡನತ್ತ ನೋಡಿದರು. “ಬೇಗ ಬಾ” ಎಂದರು.

ಊರ ಆ ತುದಿಯ ತಮ್ಮ ಮನೆಗೆ ಸಣ್ಣಕ್ಕ ಓಡುನಡಿಗೆಯಲ್ಲಿ ಹೋದರು. ಕಲ್ಲು ತೊಳೆದು, ಅನ್ನಕ್ಕೆ ಬೆಂದ ಬೇಳೆ ಸೇರಿಸಿ ರುಬ್ಬಿದರು. ಎರಡು ಬೆರಳ ನಡುವೆ ಉಜ್ಜಿ, ನಾಲಗೆ ತುದಿಗೆ ಹಚ್ಚಿ ನೋಡಿ, ಸಮಾಧಾನವಾಗದೆ ಮತ್ತೆ ರುಬ್ಬಿದರು. ತಂದುಕೊಟ್ಟಾಗ ತಿಮ್ಮಣ್ಣ ಬಾಯಿ ಬಿಗಿದುಕೊಂಡೇ ಇದ್ದರು. ಆಗ ಸಣ್ಣಕ್ಕ ಬಾಗಿಲ ಹತ್ತಿರ ಕುಳಿತು, ಅದೇ ಪಾತ್ರೆಯದ್ದನ್ನು ಎಲೆಯ ಚೂರಿಗೆ ಹಾಕಿಸಿಕೊಂಡು ಅವರಿಗೆ ಕಾಣುವಂತೆ ತಿಂದರು. “ಎಂತದೂ ಸಿಗುದಿಲ್ಲ ಒಡೇರೆ, ನಾನೇ ರುಬ್ಬಿದ್ದು. ನಿಧಾನಕ್ಕೆ ನುಂಗಿ.”

ತಿಮ್ಮಣ್ಣ ತುಂಬ ಹೊತ್ತು ಅವರನ್ನೇ ನೋಡಿದರು. ಆಮೇಲೆ ತುಟಿ ಸಡಿಲವಾಯಿತು. ಒಂದು ಚಮಚ ಇಳಿಯಿತು, ಇನ್ನೊಂದು ಇಳಿಯಿತು. ದೇವಕಿ ಪಾತ್ರೆ ಖಾಲಿ ಮಾಡಿಸಿದರು.

ಊಟದ ನಂತರ ಸಣ್ಣಕ್ಕ ಹೊಸದಾಗಿ ಕುಟ್ಟಿದ ಕಲ್ಲನ್ನು ಪಳಗಿಸಲು ಕುಳಿತರು. ಮೊದಲು ಭತ್ತದ ತೌಡು ಹಾಕಿ ರುಬ್ಬಿ ಚೆಲ್ಲಿದರು. ಆಮೇಲೆ ನುಚ್ಚಕ್ಕಿ, ಮತ್ತೆ ತೌಡು. ಪ್ರತಿ ಸಲ ತೊಳೆದ ನೀರನ್ನು ಬಿಳಿ ಬಟ್ಟೆಯಲ್ಲಿ ಸೋಸಿ ನೋಡುತ್ತಿದ್ದರು. ಅವತ್ತು ಮುಗಿಯಲಿಲ್ಲ, ಮರುದಿನವೂ ಬಂದರು. ಅಲ್ಲಿಯವರೆಗೆ ತಿಮ್ಮಣ್ಣನ ಊಟ ಹೊತ್ತುಹೊತ್ತಿಗೆ ಸಣ್ಣಕ್ಕನ ಮನೆಯ ಕಲ್ಲಿನಿಂದಲೇ ಬಂತು.

“ನಾನು ಬೈದೆ, ಅವಳು ಅವರಿಗೆ ಉಣ್ಣಿಸಿ ಹೋದ್ಲು,” ಎನ್ನುತ್ತಾರೆ ದೇವಕಿ. “ಅಕ್ಕ ತಂಗಿ ಇದ್ರೂ ಇಷ್ಟು ಮಾಡ್ತಿದ್ರೋ ಇಲ್ವೋ.” ಈಗ ಆ ಮನೆಯಲ್ಲಿ ರುಬ್ಬುವ ಕಲ್ಲು ದಿನವೂ ತಿರುಗುತ್ತಿದೆ. ತಿಮ್ಮಣ್ಣ ಕುಂಬಳಕಾಯಿಯನ್ನೂ ತಿನ್ನುತ್ತಿದ್ದಾರೆ.

ಇತ್ತ ಜಲಜಮ್ಮನವರ ಹಿತ್ತಿಲಲ್ಲಿ ಬಿಸಿಲು ಅಂಗಳಕ್ಕೆ ಇಳಿದಿದೆ. ಸಣ್ಣಕ್ಕ ಕಲ್ಲಿನ ಅರ್ಧಭಾಗ ಮುಗಿಸಿದ್ದಾರೆ. ಅಷ್ಟರಲ್ಲಿ ಓಣಿಯಲ್ಲಿ ಯಾರೋ “ಬಂತು, ಬಂತು!” ಎಂದು ಕೂಗುತ್ತಾರೆ. ಯಾರದೋ ಮನೆಯ ರೇಡಿಯೋ ಒಮ್ಮೆಲೇ ಮಾತಾಡತೊಡಗುತ್ತದೆ. ಒಳಗೆ ಜಲಜಮ್ಮನವರ ಮಿಕ್ಸಿ ಗುರ್ ಎನ್ನುತ್ತದೆ. ಅವರು ನಗುತ್ತ ಹಿತ್ತಿಲಿಗೆ ಬರುತ್ತಾರೆ.

“ಕರೆಂಟು ಬಂತಲ್ಲ ಸಣ್ಣಕ್ಕ. ಇನ್ನು ಯಾಕೆ ಕಷ್ಟಪಡ್ತಿ, ಬಿಡು. ಒಳಗೆ ಬಾ, ಕಾಪಿ ಕುಡಿ.”

“ಬರ್ತೇನೆ ಅಮ್ಮ. ಅರ್ಧ ಕುಟ್ಟಿ ಬಿಟ್ರೆ ಕಲ್ಲು ಯಾವುದಕ್ಕೂ ಬರುದಿಲ್ಲ.”

ಕರೆಂಟು ಬಂದಿದ್ದಕ್ಕೆ ಬೇಜಾರಾಯಿತೇ ಎಂದು ಕೇಳಿದರೆ ಸಣ್ಣಕ್ಕ ತಲೆಯಾಡಿಸುತ್ತಾರೆ. “ಛೆ, ಎಂತ ಮಾತು! ಮನೆಮನೇಲಿ ಕಾಯಿಲೆಯೋರು, ಬಾಣಂತೀರು ಇರ್ತಾರೆ. ಕರೆಂಟು ಬರ್ಲಿ, ಇರ್ಲಿ.” ಗುಂಡುಕಲ್ಲನ್ನು ಮಡಿಲಿಗೆ ಹೊರಳಿಸಿಕೊಂಡು ಅದರ ಮೈ ಸವರುತ್ತಾರೆ. ಇನ್ನೇನು ಆಸೆ ಎಂದು ಕೇಳಿದರೆ ಸೆರಗಿನ ಹಿಂದಿನಿಂದಲೇ ಹೇಳುತ್ತಾರೆ:

“ನಾನು ಕುಟ್ಟಿದ ಕಲ್ಲಲ್ಲಿ ರುಬ್ಬಿ ಉಂಡೋರು, ಹಲ್ಲಿಗೆ ಕಲ್ಲು ಸಿಕ್ತು ಅನ್ಬಾರ್ದು. ಇಲ್ಲಿಗಂಟ ಯಾರೂ ಅಂದಿಲ್ಲ.”

ಉಳಿ ಮತ್ತೆ ಕಲ್ಲಿಗೆ ತಾಗುತ್ತದೆ.