ಟೀಗಿಂತ ಮುಂಚಿನ ರಕ್ತ

ಪಿತ್ತವೆಂದರೆ ಮುಖ ಸಿಂಡರಿಸುವ ಲೋಕದಲ್ಲಿ, ಆ ಕಹಿಯೊಳಗೇ ಹೃದಯದ ಕ್ಷೇಮವನ್ನು ಮೂವತ್ತನಾಲ್ಕು ವರ್ಷ ಹುಡುಕಿದ ಹಿರಿಯರು ಈ ತಿಂಗಳು ನಿವೃತ್ತರಾದರು. ವಿದ್ವತ್ ವಲಯದಲ್ಲಿ ಅವರಿಗೆ ಹಲವು ಬಿರುದುಗಳಿದ್ದರೂ ಪ್ರಯೋಗಾಲಯದ ಕಾರಿಡಾರಿನಲ್ಲಿ ಅವರು ಬರೀ ‘ಪಿತ್ತದ ಮೇಷ್ಟ್ರು’.

ಹೊಸಬರಿಗೆ ಅವರ ಮೊದಲ ಪಾಠ ಕಥೆಯಂತಿರುತ್ತಿತ್ತು. ಯಕೃತ್ತು ಕೊಲೆಸ್ಟ್ರಾಲಿನಿಂದ ಪಿತ್ತಾಮ್ಲವನ್ನು ಮಾಡಿ ಕರುಳಿಗೆ ಕಳಿಸುತ್ತದೆ. ಅದು ಉಂಡ ಕೊಬ್ಬನ್ನು ಕರಗಿಸಿ, ಹೆಚ್ಚುಪಾಲು ಯಕೃತ್ತಿಗೇ ಮರಳುತ್ತದೆ. ಮರಳದೆ ಹೊರಬಿದ್ದಷ್ಟನ್ನು ತುಂಬಲು ಯಕೃತ್ತು ರಕ್ತದ ಕೊಲೆಸ್ಟ್ರಾಲಿಗೆ ಕೈಹಾಕುತ್ತದೆ, ರಕ್ತನಾಳಕ್ಕೆ ಅಂಟಲು ಅಷ್ಟು ಕಡಿಮೆ ಉಳಿಯುತ್ತದೆ. ಅಜ್ಜಿಯ ಕಥೆಗಳಲ್ಲಿ ಬೆಳೆದ ಅವರ ಕೊನೆಯ ಶಿಷ್ಯೆಗೆ ಇದು ತವರಿಗೆ ಹೋಗಿಬರುವ ಮಗಳ ಕಥೆಯಾಗಿ ಕೇಳಿಸಿತು.

ಆರೋಗ್ಯವಂತರಿಗಿಂತ ಹೃದ್ರೋಗಿಗಳ ರಕ್ತದಲ್ಲಿ ಪಿತ್ತಾಮ್ಲ ಬಹಳ ಹೆಚ್ಚೆಂದು ಅವಳ ಎರಡು ವರ್ಷದ ಲೆಕ್ಕ ಹೇಳಿತ್ತು. ಪ್ರಬಂಧ ಒಪ್ಪಿಸಲು ತಿಂಗಳಷ್ಟೇ ಇದ್ದಾಗ, ಕೆಳಗಿನ ಹೃದ್ರೋಗಿಗಳ ವಾರ್ಡಿನಲ್ಲಿ ಪರೀಕ್ಷೆಗೆಂದು ಎರಡನೇ ಸಲ ರಕ್ತ ಕೊಡಲು ಬಂದ ತಾತ, ಅಂದು ನರ್ಸಮ್ಮನ ಬದಲು ಸೂಜಿ ಹಿಡಿದಿದ್ದ ಅವಳನ್ನು ಕೇಳಿದರು:

“ನರ್ಸಮ್ಮ ರಜಾನಾ? ಹಾಗಾದ್ರೆ ಇವತ್ತು ಸೂಜಿಗೆ ಮುಂಚೆ ಟೀ, ಬಿಸ್ಕತ್ತು ಇಲ್ಲ ಅನ್ನು.”

“ಮುಂಚೇನೇ ಕೊಡ್ತಿದ್ರಾ ತಾತ?”

“ಎಲ್ಲರಿಗೂ. ಖಾಲಿ ಹೊಟ್ಟೇಲಿ ಬಂದೋರ ರಕ್ತ ಹೀರೋದು ಯಾವ ನ್ಯಾಯ ಅಂತಾಳೆ ಆ ತಾಯಿ.”

ಹೊಟ್ಟೆಗೇನಾದರೂ ಬಿದ್ದರೆ ರಕ್ತದ ಪಿತ್ತಾಮ್ಲ ಏರುತ್ತದೆ. ಆರೋಗ್ಯವಂತರ ರಕ್ತವನ್ನೋ ಅವಳೇ ಮೇಲಿನ ಕೋಣೆಯಲ್ಲಿ ಉಪವಾಸದಲ್ಲೇ ತೆಗೆದಿದ್ದಳು. ಅವಳು ಅಳೆದದ್ದರಲ್ಲಿ ರೋಗವೆಷ್ಟೋ, ಟೀ ಎಷ್ಟೋ. ಹೇಳಿದರೆ ಪದವಿ ಹೋದೀತು. ಮೂರು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದು, ನಾಲ್ಕನೆಯ ದಿನ ಮೇಷ್ಟ್ರಿಗೆ ಹೇಳಿಬಿಟ್ಟಳು.

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. “ತಪ್ಪು ನನ್ನದಮ್ಮ. ಉಪವಾಸವೇ ಅಂತ ಇಷ್ಟು ವರ್ಷ ಕಾಗದದಲ್ಲಿ ಕೇಳಿದೆ, ರೋಗಿಗಳು ಕಾಯೋ ಬೆಂಚಿನ ಹತ್ರ ಹೋಗಿ ಕೇಳಲಿಲ್ಲ. ಆ ನರ್ಸಮ್ಮನಿಗೆ ಯಾರೂ ಒಂದು ಮಾತೂ ಅನ್ನಬಾರದು.”

ತಪ್ಪನ್ನು ತಮ್ಮ ಹೆಸರಿಗೇ ಬರೆದುಕೊಂಡು ಅವಳಿಗೆ ಇನ್ನೂ ಆರು ತಿಂಗಳ ಗಡುವು ತಂದರು. ಸೇವೆಯ ಆ ಕೊನೆಯ ತಿಂಗಳುಗಳಲ್ಲಿ ಬೆಳಿಗ್ಗೆ ಏಳಕ್ಕೇ ವಾರ್ಡಿನ ಬೆಂಚಿನಲ್ಲಿ ಕುಳಿತು, ಬಂದವರ ಪಕ್ಕಕ್ಕೆ ಸರಿದು, “ಏನಾದ್ರೂ ತಿಂದ್ರಾ?” ಎಂದು ತಾವೇ ವಿಚಾರಿಸಿದರು. ಹೊಸ ಲೆಕ್ಕದಲ್ಲಿ ವ್ಯತ್ಯಾಸ ಅರ್ಧಕ್ಕಿಳಿಯಿತು. ಅರ್ಧವಾದರೂ ನಿಜವಾದದ್ದು, ಪ್ರಬಂಧ ಅದರಿಂದಲೇ ಗೆದ್ದಿತು.

ಬೀಳ್ಕೊಡುಗೆಯ ಬೆಳಿಗ್ಗೆ ನರ್ಸಮ್ಮ ಟೀ ತಂದಾಗ ಮೇಷ್ಟ್ರು ಅಂಗಿಯ ತೋಳು ಮಡಚಿ ಕೈ ಚಾಚಿದರು: “ಮೊದಲು ರಕ್ತ ತಗೊಳ್ಳಮ್ಮ.”

ಅವರಿಗೆ ದೀರ್ಘಾಯುಷ್ಯವಿರಲಿ, ಕೆಲಸವೂ ಮುಂದುವರಿಯಲಿ. ಬೆಂಚಿನ ಎಡತುದಿಯಲ್ಲಿ ಈಗ ಶಿಷ್ಯೆ ಕೂರುತ್ತಾಳೆ. ಬಲತುದಿಯನ್ನು ಅವರಿಗೆಂದು ಬಿಟ್ಟಿದ್ದಾಳೆ.