ಹಳದಿ ನೀರಿನ ಮಜ್ಜಿಗೆ

ಸಂಜೆ ನಾಲ್ಕು ಗಂಟೆ ನಲವತ್ತು ನಿಮಿಷ. ಆ ಹೊತ್ತಿಗೆ ನಮ್ಮ ಕಾಕಾ ಓದುತ್ತಿದ್ದ ಪೇಪರನ್ನು ನೆಲಕ್ಕೆ ಬಿಸಾಡಿ, ಒಂದೇ ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು, ಹಿತ್ತಲಿನ ಕಡೆಗೆ ಓಡಿದ. ಇವತ್ತಿಗೂ ಯಾರಾದರೂ ಲೋಳೆಸರದ ಎಲೆ ಕೊಯ್ದರೆ, ಆ ಹಸಿ ಕಹಿ ವಾಸನೆಗೆ ನನ್ನ ಕಣ್ಣು ತಾನಾಗಿಯೇ ಗಡಿಯಾರ ಹುಡುಕುತ್ತದೆ. ಸಸ್ಯಶಾಸ್ತ್ರದಲ್ಲಿ ಡಿಗ್ರಿ ಮಾಡಿದ ಮೇಲೂ ಆ ಹೆದರಿಕೆ ಹೋಗಿಲ್ಲ.

ತೊಂಬತ್ತರ ದಶಕದ ನಡುವಿನ ಮಾತಿದು. ನನಗೆ ಹತ್ತು ವರ್ಷ. ಹುಬ್ಬಳ್ಳಿಯ ವಿದ್ಯಾನಗರದ ಒಂದು ಓಣಿಯಲ್ಲಿ ನಮ್ಮ ಮನೆ. ಅಪ್ಪ, ನನ್ನ ತಾಯಿ, ನಾವು ಆಯಿ ಎನ್ನುತ್ತಿದ್ದ ನಮ್ಮ ಅಜ್ಜಿ, ಮತ್ತು ಅಪ್ಪನ ತಮ್ಮನಾದ, ಮದುವೆಯ ಗೊಡವೆಗೆ ಹೋಗದ ಕಾಕಾ. ನಳಕ್ಕೆ ನೀರು ಬರುತ್ತಿದ್ದದ್ದು ವಾರಕ್ಕೊಮ್ಮೆ. ಅಕ್ಕಿ ತೊಳೆದ ನೀರು ಪಾತ್ರೆಗೆ, ಪಾತ್ರೆ ತೊಳೆದ ನೀರು ಗಿಡಕ್ಕೆ. ಈ ಶಿಸ್ತು ತಾಳದೆ ಗುಲಾಬಿ ಸತ್ತಿತು, ಮಲ್ಲಿಗೆ ಸತ್ತಿತು. ಉಳಿದದ್ದು ಲೋಳೆಸರ ಒಂದೇ. ಒಡೆದ ಬಕೆಟ್ಟು, ಎಣ್ಣೆಯ ಡಬ್ಬಿ, ಹಿಡಿಕೆ ಹೋದ ಕುಕ್ಕರು, ಎಲ್ಲದರಲ್ಲೂ ಅದೇ. ದೃಷ್ಟಿ ತಾಕದಿರಲೆಂದು ಬಾಗಿಲಿಗೆ ತಲೆಕೆಳಗಾಗಿ ಕಟ್ಟಿದ್ದ ಗಿಡವಂತೂ ಮಣ್ಣು ನೀರು ಎರಡೂ ಇಲ್ಲದೆ ಹೊಸ ಎಲೆ ಬಿಡುತ್ತಿತ್ತು. ಕಾಕಾ ಕಚೇರಿಗೆ ಹೊರಡುವಾಗ ಅದಕ್ಕೊಂದು ಸಲಾಮು ಹೊಡೆಯುತ್ತಿದ್ದ. “ನೌಕರಿ ಅಂದ್ರ ಹಿಂಗ ಮಾಡಬೇಕ ನೋಡು. ಊಟ ಇಲ್ಲ, ಪಗಾರ ಇಲ್ಲ, ರಜಾ ಇಲ್ಲ!”

ಆಯಿ ಎಲೆ ಕೊಯ್ದರೆ ಕೊಯ್ದ ತುದಿಯನ್ನು ಕೆಳಗೆ ಮಾಡಿ ತಾಟಿನಲ್ಲಿ ನಿಲ್ಲಿಸುತ್ತಿದ್ದಳು. ಅದರಿಂದ ಹಳದಿ ನೀರು ಹನಿಹನಿಯಾಗಿ ಸೋರುತ್ತಿತ್ತು. ಅದೆಲ್ಲ ಇಳಿದ ಮೇಲೆ ಸಿಪ್ಪೆ ಸುಲಿದು, ತಿರುಳನ್ನು ತೊಳೆದು ನನ್ನ ತಾಯಿಯ ಕೂದಲಿಗೆ, ನಮ್ಮ ಸುಟ್ಟ ಬೆರಳಿಗೆ, ತನ್ನ ಒಡೆದ ಹಿಮ್ಮಡಿಗೆ ಹಚ್ಚುತ್ತಿದ್ದಳು. ಹಳದಿ ನೀರನ್ನು ಮಾತ್ರ ದೂರ ಚೆಲ್ಲುತ್ತಿದ್ದಳು. ಹನಿ ನೀರೂ ಚೆಲ್ಲದ ಮನೆಯಲ್ಲಿ ಕಾಕಾನಿಗೆ ಇದು ಸಹಿಸಲಾಗದ ಸಂಗತಿ.

“ಗಿಡದ ಸತ್ವಾನ ಚೆಲ್ಲತೀಯಲ್ಲಬೇ ಅವ್ವಾ! ಎಣ್ಣಿ ಚೆಲ್ಲಿ ಹಿಂಡಿ ಇಟಗೊಂಡಾಂಗಾತು.”

“ನೀ ಹುಟ್ಟಿದಾಗ ಹೊಕ್ಕಳಬಳ್ಳಿನೂ ಚೆಲ್ಲೇನಿ. ಅದನ್ನೂ ಇಟಗೋಬೇಕಿತ್ತೇನೋ?”

ಆಯಿಯ ಮೊಣಕಾಲು ನೋವು ಆ ವರ್ಷ ಹೆಚ್ಚಾಗಿತ್ತು. ಒಂದು ರವಿವಾರ ಬೆಳಿಗ್ಗೆ ಅವಳು ಜಳಕಕ್ಕೆ ಹೋದಾಗ ಕಾಕಾ ತಾಟಿನಲ್ಲಿದ್ದ ಹಳದಿ ನೀರನ್ನೆಲ್ಲ ಮಜ್ಜಿಗೆಗೆ ಸುರಿದು, ಉಪ್ಪು ಜೀರಿಗೆ ಹಾಕಿ ಕಲಸಿದ. ನಾನು ಬಾಗಿಲಲ್ಲೇ ನಿಂತಿದ್ದೆ. “ಸುಮ್ನಿರವಾ. ಮೊಣಕಾಲ ನೆಟ್ಟಗಾದ ಮ್ಯಾಲೆ ಆಯಿಗೆ ಹೇಳೂಣು” ಎಂದ. ಮೊದಲು ತಾನೊಂದು ಲೋಟ ಕುಡಿದು, ಗಡಿಯಾರ ನೋಡುತ್ತ ಸರಿಯಾಗಿ ಹತ್ತು ನಿಮಿಷ ಕುಳಿತ. “ನೋಡು, ಏನಾತು? ಏನೂ ಆಗಲಿಲ್ಲ!” ಪ್ರಯೋಗ ಮುಗಿಯಿತು. ಎರಡನೆಯ ಲೋಟ ಆಯಿಗೆ ಹೋಯಿತು. ಕಹಿ ಎಂದು ಮುಖ ಕಿವುಚಿದಳು. ಆದರೆ ಎಂದೂ ಒಲೆಯ ಹತ್ತಿರ ಸುಳಿಯದ ಮಗ ಕೈಯಾರೆ ಮಾಡಿದ್ದೆಂದು ತಳದವರೆಗೂ ಕುಡಿದಳು.

ಸಂಜೆ ಕಾಕಾ ಓಡಿದ; ಹತ್ತು ನಿಮಿಷಕ್ಕೆ ಆಯಿ. ಮನೆಗೆ ಇದ್ದದ್ದು ಒಂದೇ ಪಾಯಖಾನೆ. “ಅವ್ವಾ, ಆತೇನಬೇ?” ಎಂದು ಕಾಕಾ ಹೊರಗೆ ಹೊಟ್ಟೆ ಹಿಡಿದು ಕುಣಿಯುತ್ತಿದ್ದ. “ಅವಸರ ಇದ್ರ ಮುನಸಿಪಾಲ್ಟಿಗೆ ಅರ್ಜಿ ಹಾಕ್ಹೋಗು!” ಎಂದು ಒಳಗಿನಿಂದ ಉತ್ತರ. ನಾವು ನಕ್ಕೆವು. ಹಂಡೆಯ ನೀರು ಮುಗಿಯಿತು. ಎದುರು ಮನೆಯ ಚಾಚಿ ತಮಗೆಂದು ಇಟ್ಟುಕೊಂಡಿದ್ದ ಎರಡು ಕೊಡ ತಂದು, “ತಗೊಳ್ರಿ, ಇದಕ್ಕ ಲೆಕ್ಕ ಹಿಡೀಬ್ಯಾಡ್ರಿ” ಎಂದು ಸುರಿದು ಹೋದರು. ಕತ್ತಲಾಗುವಷ್ಟರಲ್ಲಿ ಆಯಿಗೆ ನಿಲ್ಲಲಾಗಲಿಲ್ಲ. ಕಣ್ಣು ಒಳಗೆ ಹೋಗಿದ್ದವು, ನಾಲಿಗೆ ಒಣಗಿತ್ತು. ನನ್ನನ್ನು ಎಂದೋ ತೀರಿಕೊಂಡ ತನ್ನ ತಂಗಿಯ ಹೆಸರಿನಿಂದ ಕರೆದಳು. ನಗು ಅಲ್ಲಿಗೆ ನಿಂತಿತು.

ಅಪ್ಪ ಕರೆತಂದ ಡಾಕ್ಟರರು ನಾಡಿ ಹಿಡಿದು, “ಏನ ತಿಂದಿದ್ರು?” ಎಂದರು. “ಮಿರ್ಚಿ ಭಜಿ ಇರಬೇಕ್ರಿ” ಎಂದ ಕಾಕಾ, ನನ್ನನ್ನು ನೋಡುತ್ತ. ಆ ನೋಟ ನನಗಿನ್ನೂ ಕನಸಿನಲ್ಲಿ ಬರುತ್ತದೆ. ನಾನು ಹೇಳಿಬಿಟ್ಟೆ: ಹಳದಿ ನೀರು, ಮಜ್ಜಿಗೆ, ಹತ್ತು ನಿಮಿಷದ ಪ್ರಯೋಗ. “ವಯಸ್ಸಾದವರ ಜೀವಾ ತೆಗೆಯೂ ಜುಲಾಬ್ರಿ ಇದು. ಹುಡುಗಿ ಹೇಳಿದ್ದು ಛಲೋ ಆತು” ಎಂದು ಡಾಕ್ಟರರು ಕಿಟಕಿಯ ಸರಳಿಗೆ ಸಲೈನ್ ಬಾಟಲಿ ಕಟ್ಟಿಸಿದರು. ಛಲೋ ಆಯಿತೆನ್ನಿ, ಆದರೆ ಬೆಳಿಗ್ಗೆಯೇ ಹೇಳಿದ್ದರೆ? ಕಾಕಾ ಆಯಿಯ ಪಾದ ಹಿಡಿದು ಗೊಳೋ ಎಂದು ಅಳತೊಡಗಿದ. ಆಯಿ ಅರ್ಧ ಕಣ್ಣು ತೆರೆದಳು.

“ಅಳಬ್ಯಾಡೋ. ಮನ್ಯಾಗ ಉಳಿದ ಒಂದೀಟು ನೀರನ್ನೂ ಕಣ್ಣಾಗಿಂದ ಚೆಲ್ಲಾಕತ್ತಿಯಲ್ಲ.”

ಮೂರು ರಾತ್ರಿ ಯಾರೂ ಸರಿಯಾಗಿ ಮಲಗಲಿಲ್ಲ. ಸರದಿಯ ಮೇಲೆ ಕುಳಿತು ಸಕ್ಕರೆ ಉಪ್ಪಿನ ನೀರನ್ನು ಚಮಚದಿಂದ ಆಯಿಗೆ ಕುಡಿಸಿದೆವು. ತನ್ನ ಹೊಟ್ಟೆ ಸರಿಯಾಗುವ ಮೊದಲೇ ಕಾಕಾ ಎಲ್ಲರ ಸರದಿಯನ್ನೂ ತಾನೇ ವಹಿಸಿಕೊಂಡ. ಆ ಮನೆ ಈಗಿಲ್ಲ, ಅಲ್ಲಿ ಕಾರು ನಿಲ್ಲುತ್ತವೆ. ಆಯಿ ಆಮೇಲೆ ಒಂಬತ್ತು ವರ್ಷ ಬದುಕಿದಳು. ಈಗ ಕಾಕಾನೂ ಇಲ್ಲ. ಯಾರನ್ನು ಕೇಳಿ ಈ ಕಥೆಯ ತಪ್ಪು ತಿದ್ದಿಕೊಳ್ಳಲಿ?

ನಾಲ್ಕನೆಯ ರಾತ್ರಿ ಎಲ್ಲರೂ ಬಿದ್ದಲ್ಲೇ ನಿದ್ದೆಹೋದೆವು. ಬಿಸಿಲು ಏರಿದ ಮೇಲೆ ನನಗೆ ಎಚ್ಚರವಾದಾಗ ಮೂಗಿನ ಕೆಳಗೆ ಒಂದು ಬೆರಳಿತ್ತು. ಆಯಿ ಗೋಡೆ ಹಿಡಿದು ಬಾಗಿ ನಿಂತಿದ್ದಳು.

“ಏನ ಮಾಡಾಕತ್ತೀ ಆಯಿ?”

“ಇಷ್ಟೊತ್ತಾದ್ರೂ ಒಬ್ರೂ ಎದ್ದಿಲ್ಲ. ಉಸರಾಡಾಕತ್ತೀರೋ ಇಲ್ಲೋ ನೋಡಾಕತ್ತೇನವಾ.”

ಆಮೇಲೆ ನಿಧಾನಕ್ಕೆ ಕಾಕಾನ ಹತ್ತಿರ ಹೋಗಿ ಅವನ ಮೂಗಿನ ಕೆಳಗೂ ಬೆರಳಿಟ್ಟಳು. ಓಣಿಗೆಲ್ಲ ಕೇಳುವಂತೆ ಗೊರಕೆ ಹೊಡೆಯುತ್ತಿದ್ದ. ಆದರೂ ಬಹಳ ಹೊತ್ತು ಆ ಬೆರಳು ತೆಗೆಯಲಿಲ್ಲ.